ಎರಡು ದಿನಕ್ಕೆ ಒಂದೂಕಾಲು ಕೆಜಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನೀನು ಕಳಿಸಿದ ಎರಡು ವಾರದ ತೂಕದ ಪಟ್ಟಿ ನೋಡಿದೆ. ಶನಿವಾರ 78.1, ಭಾನುವಾರ ಒಂದು ದಿನ ಮದುವೆಮನೆಯಲ್ಲಿ ಕಳೆದು ಸೋಮವಾರ ಬೆಳಿಗ್ಗೆ 79.3. ‘ಅನ್ನ ಬಿಟ್ಟಿದ್ದೀನಿ, ದಿನಾ ಒಂದು ಗಂಟೆ ನಡೀತೀನಿ, ಬಸ್ಕಿನೂ ಶುರು ಮಾಡಿದ್ದೀನಿ, ಆದ್ರೂ ಹೀಗ್ಯಾಕೆ’ ಅಂತ ಕೇಳಿದ್ದೀಯ. ರಾತ್ರಿ ಚಪಾತಿನೂ ಬಿಡೋ ಯೋಚನೆ ಇದೆ ಅಂತಲೂ ಬರೆದಿದ್ದೀಯ. ಅದನ್ನ ಸದ್ಯಕ್ಕೆ ತಡೆದುಕೋ.

ಮೊದಲು ಲೆಕ್ಕ. ಒಂದು ಕೆಜಿ ಮೈಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಎರಡು ದಿನದಲ್ಲಿ 1.2 ಕೆಜಿ ಕೊಬ್ಬು ಕೂಡಬೇಕಾದರೆ, ಮೈಗೆ ಬೇಕಾದ್ದು ಬಿಟ್ಟು ಮೇಲೆ 9,000 ಕ್ಯಾಲೊರಿಗೂ ಹೆಚ್ಚು ಒಳಗೆ ಹೋಗಬೇಕು. ಅಂದರೆ ಊಟದ ಜೊತೆಗೆ ಒಂದು ಲೀಟರಿಗೂ ಮಿಕ್ಕಿ ಅಡುಗೆ ಎಣ್ಣೆ ಕುಡಿದ ಹಾಗೆ. ಮದುವೆಮನೆಯಲ್ಲಿ ನೀನು ಎಷ್ಟೇ ಒಬ್ಬಟ್ಟು ಹಾಕಿಸಿಕೊಂಡಿದ್ದರೂ ಅಷ್ಟಾಗಲ್ಲ. ಇಳಿಯೋ ಲೆಕ್ಕವೂ ಹೀಗೇ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಕರಗೋ ಕೊಬ್ಬು 65 ಗ್ರಾಂ. ಮನೆಯಲ್ಲಿಡೋ ಹೆಚ್ಚಿನ ತೂಕದ ಯಂತ್ರಗಳು 100 ಗ್ರಾಂಗಿಂತ ಸಣ್ಣದನ್ನು ತೋರಿಸೋದೇ ಇಲ್ಲ. ದಿನದಿಂದ ದಿನಕ್ಕೆ ನಿನ್ನ ಕಣ್ಣಿಗೆ ಬೀಳ್ತಿರೋ ಏರಿಳಿತ ಕೊಬ್ಬಿನದಲ್ಲ. ನೀರಿನದು, ಉಪ್ಪಿನದು, ಹೊಟ್ಟೆಯೊಳಗೆ ಇರೋದರದು.

ಉಪ್ಪಿನಿಂದ ಶುರುಮಾಡೋಣ. ಆಸ್ಪತ್ರೆಯಲ್ಲಿ ಏರಿಸೋ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತೆ. ನಮ್ಮ ರಕ್ತದ ಹದಕ್ಕೆ ಹೊಂದೋ ಪ್ರಮಾಣ ಅದು. ನಾಲ್ಕೈದು ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ, ಹೆಚ್ಚಿಗೆ ಹೋದರೆ ಆ ಹದ ಕೆಡದ ಹಾಗೆ ಮೈ ಸುಮಾರು ಅರ್ಧ ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತೆ. ಅರ್ಧ ಲೀಟರ್ ನೀರು ಅಂದರೆ ಅರ್ಧ ಕೆಜಿ. ಭಾನುವಾರದ ಎಲೆಯ ಮೇಲೆ ಪುಳಿಯೋಗರೆ, ಹಪ್ಪಳ, ಉಪ್ಪಿನಕಾಯಿ, ಎರಡು ಸಲ ಸಾರು ಇದ್ದವು ತಾನೆ? ಮೂತ್ರಪಿಂಡ ಅದನ್ನೆಲ್ಲ ಹೊರಗೆ ಹಾಕೋಕೆ ಎರಡು ಮೂರು ದಿನ ತಗೊಳ್ಳುತ್ತೆ. ಪಟ್ಟಿಯಲ್ಲಿ ಬುಧವಾರ ಗುರುವಾರದ ಹೊತ್ತಿಗೆ ತೂಕ ತಾನಾಗೇ ಇಳಿದಿರೋದು ನೋಡು. ಅದಕ್ಕೆ ನೀನು ಏನೂ ಮಾಡಿಲ್ಲ.

ಅನ್ನದ್ದು ಇನ್ನೊಂದು ಪಾಲು. ತಿಂದ ಪಿಷ್ಟದಲ್ಲಿ ಸ್ವಲ್ಪವನ್ನು ಮೈ ಗ್ಲೈಕೋಜನ್ ಆಗಿ ಕೂಡಿಡುತ್ತೆ, ಲಿವರಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400ರ ಆಸುಪಾಸು. ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಕೂತಿರುತ್ತೆ. ಅನ್ನ ಬಿಟ್ಟ ಮೊದಲ ವಾರ ಎರಡು ಕೆಜಿ ಇಳಿದೆ ಅಂತ ಹಿಗ್ಗಿದ್ದೆಯಲ್ಲ, ಅದರಲ್ಲಿ ಬಹುಪಾಲು ಈ ನೀರು. ವಾರವಿಡೀ ಬಿಟ್ಟು ಭಾನುವಾರ ಎರಡು ಸಲ ಅನ್ನ, ಮೇಲೆ ಸಿಹಿ ತಿಂದರೆ 200 ಗ್ರಾಂ ಗ್ಲೈಕೋಜನ್ ತುಂಬಿತು ಅಂದುಕೋ. ನೀರು ಸೇರಿ 800 ಗ್ರಾಂ. ಏಕಾದಶಿ ಉಪವಾಸದ ಮಾರನೆಯ ದಿನ ಒಂದು ಕೆಜಿ ಇಳಿದು, ಪಾರಣೆ ಆದಮೇಲೆ ವಾಪಸ್ ಬರೋದೂ ಇದೇ ಲೆಕ್ಕ.

ಬಸ್ಕಿ ಹೊಡೆದು ತೊಡೆ ಹಿಡಿದುಕೊಂಡಿದೆ ಅಂದೆಯಲ್ಲ, ಅಲ್ಲೂ ನೀರಿದೆ. ಅಭ್ಯಾಸ ಇಲ್ಲದ ಕಸರತ್ತಿನಿಂದ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತೆ, ಅದನ್ನ ಸರಿಮಾಡೋಕೆ ಮೈ ಅಲ್ಲಿಗೆ ನೀರು ಕಳಿಸುತ್ತೆ. ನೋವಿರೋವರೆಗೆ ತೂಕ ಇಳಿಯಲಿಲ್ಲ ಅಂತ ಕಸರತ್ತು ಬಿಡಬೇಡ. ಸ್ನಾಯು ಬೆಳೆಸೋಕೆ ಅಂತ ಕ್ರಿಯಾಟಿನ್ ಪುಡಿ ತಗೊಳ್ಳೋರಿಗೂ ಶುರುವಿನಲ್ಲಿ ಒಂದೆರಡು ಕೆಜಿ ನೀರು ಏರೋದುಂಟು.

ಈ ಪ್ರಶ್ನೆ ಹೊಸದೇನಲ್ಲ. ನಾನೂರು ವರ್ಷದ ಹಿಂದೆ ಇಟಲಿಯ ಸ್ಯಾಂಟೋರಿಯೊ ಅನ್ನೋ ವೈದ್ಯ ಕುರ್ಚಿಯನ್ನೇ ತಕ್ಕಡಿಗೆ ನೇತುಹಾಕಿ, ತನಗೆ ತಾನೇ ತುಲಾಭಾರ ಮಾಡಿಕೊಂಡ ಹಾಗೆ ವರ್ಷಗಟ್ಟಲೆ ತೂಗಿಕೊಂಡ. ತಿಂದು ಕುಡಿದದ್ದು ಎಂಟು ಪೌಂಡ್ ಆದರೆ ಐದು ಪೌಂಡ್ ಕಣ್ಣಿಗೆ ಕಾಣದ ಹಾಗೆ ಹೋಗುತ್ತೆ ಅಂತ 1614ರಲ್ಲಿ ಪ್ರಕಟಿಸಿದ. ಉಸಿರಿನಲ್ಲಿ, ಚರ್ಮದಿಂದ. ರಾತ್ರಿ ಮಲಗಿ ಎದ್ದಾಗ ನಿನ್ನ ತೂಕ ಕಡಿಮೆ ಇರೋದಕ್ಕೂ ಅದೇ ಕಾರಣ.

ಈಗ ಯಂತ್ರದ ವಿಚಾರ. ಚಾಪೆ, ಕಾರ್ಪೆಟ್ ಮೇಲಿಟ್ಟರೆ ಸುಳ್ಳು ಹೇಳುತ್ತೆ. ಗಟ್ಟಿ ಟೈಲ್ಸ್ ಮೇಲೆ, ನಾಲ್ಕು ಕಾಲೂ ಅಲ್ಲಾಡದ ಒಂದೇ ಜಾಗ ಗೊತ್ತು ಮಾಡು. ಸೀಲ್ ಒಡೆಯದ 10 ಕೆಜಿ ಅಕ್ಕಿ ಚೀಲ ಎತ್ತಿಕೊಂಡು ಒಮ್ಮೆ ನಿಲ್ಲು, ಇಳಿಸಿ ಮತ್ತೊಮ್ಮೆ ನಿಲ್ಲು. ವ್ಯತ್ಯಾಸ 10ರ ಹತ್ತಿರ ಬರದಿದ್ದರೆ ಮೊದಲು ಬ್ಯಾಟರಿ ಬದಲಿಸು. ಕೆಲವು ಡಿಜಿಟಲ್ ಯಂತ್ರಗಳು ಹೊಸ ತೂಕ ಹಳೆಯದಕ್ಕೆ ಹತ್ತಿರ ಇದ್ದರೆ ಹಳೆಯ ಅಂಕಿಯನ್ನೇ ತೋರಿಸಿಬಿಡುತ್ತವೆ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ನಿಂತಾಗಲೂ ಅಂಕಿ ಕದಲದಿದ್ದರೆ ನಿನ್ನದೂ ಅಂಥದ್ದೇ. ಹಾಗಿದ್ದರೆ ಅದು ಹಳೆಯ ಅಂಕಿ ಮರೆಯೋ ಹಾಗೆ ದಿನಾ ಮೊದಲು ಅಕ್ಕಿ ಚೀಲದ ಜೊತೆ, ಆಮೇಲೆ ಬರಿಗೈಲಿ ನಿಲ್ಲು. ಕೊಬ್ಬು ಶೇಕಡಾ ಇಷ್ಟು ಅಂತ ತೋರಿಸೋ ಅಂಕಿಯನ್ನ ನೋಡಲೇ ಬೇಡ. ಪಾದದಿಂದ ಸಣ್ಣ ಕರೆಂಟ್ ಹರಿಸಿ ಮೈಯ ನೀರಿನ ಮೇಲೆ ಅದು ಊಹೆ ಮಾಡುತ್ತೆ ಅಷ್ಟೇ.

ತೂಗೋದು ಬೆಳಿಗ್ಗೆ, ಶೌಚ ಮುಗಿಸಿ, ಕಾಫಿಗೆ ಮುಂಚೆ, ಅಷ್ಟೇ ಬಟ್ಟೆಯಲ್ಲಿ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸು. ನಿನ್ನ ಮೊದಲ ವಾರ 79.6, 78.9, 78.8, 78.5, 78.4, 78.1, 78.3, ಸರಾಸರಿ 78.66. ಎರಡನೇ ವಾರ 79.3, 78.6, 78.5, 78.2, 78.0, 77.8, 77.9; ಸರಾಸರಿ 78.33. ಅಂದರೆ ನೀನು ‘ಏರಿತು’ ಅಂತ ತಲೆ ಕೆಡಿಸಿಕೊಂಡ ವಾರದಲ್ಲೇ ಮುನ್ನೂರು ಗ್ರಾಂ ಇಳಿದಿದ್ದೀಯ ಮಾರಾಯ! ಮನೆಯವರೂ ತೂಗಿಕೊಳ್ತಿದ್ದರೆ ಅವರಿಗೆ ವಾರದ ಸರಾಸರಿ ಸಾಲದು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಒಂದೆರಡು ಕೆಜಿ ನೀರು ನಿಲ್ಲಬಹುದು, ಹಾಗಾಗಿ ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸಬೇಕು.

ನಾಲ್ಕು ವಾರ ಕಳೆದರೂ ಸರಾಸರಿ ಕದಲದಿದ್ದರೆ ಆಗ ಊಟದ ಲೆಕ್ಕ ಕೆದಕು, ಅದೂ ಎಣ್ಣೆಯಿಂದ. ತಿಂಗಳಿಗೆ ಮನೆಗೆ ಬರೋ ಎಣ್ಣೆಯನ್ನ ತಲೆಗೆ ಹಂಚು. ನಾಲ್ಕು ಜನಕ್ಕೆ ನಾಲ್ಕು ಲೀಟರ್ ಖರ್ಚಾದರೆ ಒಬ್ಬರಿಗೆ ದಿನಕ್ಕೆ 270 ಕ್ಯಾಲೊರಿ ಎಣ್ಣೆಯದೇ ಆಯ್ತು. ನಿನ್ನ ಒಂದು ಗಂಟೆ ನಡಿಗೆ ಹೆಚ್ಚುಕಡಿಮೆ ಅಲ್ಲೇ ಮುಗಿಯಿತು. ಒಗ್ಗರಣೆಗೆ ಬಾಟಲಿ ಬಗ್ಗಿಸೋದು ಬಿಟ್ಟು ಚಮಚದಲ್ಲಿ ಹಾಕಿದರೆ ಸಾಕು, ಟೀ ಚಮಚಕ್ಕೆ 40 ಚಿಲ್ಲರೆ ಕ್ಯಾಲೊರಿ. ಟಿವಿ ಮುಂದೆ ಬಾಯಾಡಿಸೋ ಒಂದು ಹಿಡಿ ಕಡಲೆಕಾಯಿ ಬೀಜ, 30 ಗ್ರಾಂ ಹಿಡಿದರೂ 170.

ಅನ್ನದ ಬದಲು ತಿನ್ನೋ ಮುದ್ದೆಯ ಬಗ್ಗೆ ಒಂದು ಮಾತು, ಬೇಜಾರಾಗಬೇಡ. ನೂರು ಗ್ರಾಂ ಅಕ್ಕಿಯಲ್ಲಿ 350ರ ಆಸುಪಾಸು ಕ್ಯಾಲೊರಿ, ನೂರು ಗ್ರಾಂ ರಾಗಿಹಿಟ್ಟಿನಲ್ಲಿ 320–330. ಮುದ್ದೆ ತಿಂದರೆ ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತೆ ನಿಜ, ನಾರೂ ಇದೆ. ಆದರೆ ತೂಕ ಇಳಿಸೋ ಮಂತ್ರ ಅದರಲ್ಲಿಲ್ಲ, ಹಿಟ್ಟು ಎಷ್ಟು ಅನ್ನೋದೇ ಮುಖ್ಯ. ನೂರು ಗ್ರಾಂ ಹಿಟ್ಟಿನ ಮುದ್ದೆ ನೀರು ಸೇರಿ ಮುನ್ನೂರು ಗ್ರಾಂ ತೂಗುತ್ತೆ, ರಾತ್ರಿ ತಿಂದರೆ ಬೆಳಿಗ್ಗೆ ಯಂತ್ರದ ಮೇಲೂ ಸ್ವಲ್ಪ ಕಾಣುತ್ತೆ.

ತೂಕದ ಜೊತೆ ಹದಿನೈದು ದಿನಕ್ಕೊಮ್ಮೆ ಟೇಪಿನಲ್ಲಿ ಸೊಂಟ ಅಳೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ. ನಮ್ಮಲ್ಲಿ ಗಂಡಸರಿಗೆ 90 ಸೆಂಟಿಮೀಟರ್ ಗಡಿ. ಉಡಿದಾರ ಸಡಿಲ ಆಗ್ತಿದೆಯಾ ಅನ್ನೋದನ್ನೂ ನೋಡು, ಅದಕ್ಕೆ ಬ್ಯಾಟರಿ ಬೇಡ.

ಇನ್ನು ಡಾಕ್ಟರ ಹತ್ತಿರ ಹೋಗಲೇಬೇಕಾದ ಸಂದರ್ಭಗಳಿವೆ. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಾಗ ಗುಳಿ ಹಾಗೇ ಉಳಿದರೆ, ಮಲಗಿದಾಗ ಉಸಿರು ಕಟ್ಟಿದರೆ, ವಾರದಲ್ಲಿ ಎರಡು ಕೆಜಿ ಮೇಲೆ ಏರಿ ಇಳಿಯದಿದ್ದರೆ ತಡ ಮಾಡಬೇಡ. ಹೃದಯ, ಮೂತ್ರಪಿಂಡ ನೋಡಿಸಬೇಕು. ಪ್ರಯತ್ನವಿಲ್ಲದೆ ತೂಕ ಇಳೀತಾ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆ ಪರೀಕ್ಷೆ. ಸುಸ್ತು, ಚಳಿ, ಮಲಬದ್ಧತೆ ಇದ್ದರೆ ಥೈರಾಯ್ಡ್ ಗ್ರಂಥಿಯ ರಕ್ತಪರೀಕ್ಷೆ, ಅಂದರೆ ಟಿಎಸ್‌ಎಚ್; ಆದರೆ ಥೈರಾಯ್ಡ್‌ನಿಂದ ಏರೋದು ಸಾಮಾನ್ಯವಾಗಿ ಎರಡರಿಂದ ಐದು ಕೆಜಿ, ಇಪ್ಪತ್ತು ಕೆಜಿಯನ್ನ ಅದರ ತಲೆಗೆ ಕಟ್ಟೋಕಾಗಲ್ಲ. ಬಿಪಿಗೆ ಕೊಡೋ ಆಮ್ಲೊಡಿಪಿನ್‌ನಿಂದ ಪಾದ ಊದಬಹುದು. ಸಕ್ಕರೆಗೆ ಕೊಡೋ ಪಯೋಗ್ಲಿಟಜೋನ್, ಗ್ಲಿಮೆಪಿರೈಡ್, ಇನ್ಸುಲಿನ್, ಮತ್ತೆ ಸ್ಟೀರಾಯ್ಡ್‌ಗಳೂ ತೂಕ ಏರಿಸಬಲ್ಲವು. ಚೀಟಿ ಜೊತೆಗೆ ಒಯ್ಯಿ, ಗುಳಿಗೆ ನೀನಾಗೇ ನಿಲ್ಲಿಸಬೇಡ.

ನಾಳೆಯಿಂದ ಬರೆದಿಡು, ಎದುರಿಗೆ ಹಿಂದಿನ ದಿನ ಹೊರಗೆ ಉಂಡಿದ್ದೆಯಾ ಅಂತ ಒಂದು ಗುರುತೂ ಹಾಕು. ನಾಲ್ಕು ವಾರ ಆದಮೇಲೆ ಪಟ್ಟಿ ಕಳಿಸು, ಎಣ್ಣೆ ಎಷ್ಟು ಲೀಟರ್ ಬಂತು ಅನ್ನೋದನ್ನ ಮನೆಯವರನ್ನ ಕೇಳಿಯೇ ಬರಿ. ಚಪಾತಿ ವಿಚಾರ ಆಗ ಮಾತಾಡೋಣ.

ನಿನ್ನ ಗೆಳೆಯ