ಕೋಡಿಂಗ್ ಪಾಠ ರೇಡಿಯೊದಲ್ಲೂ ಬರಲಿ

ಮಾನ್ಯರೇ,

ಕೋಡಿಂಗ್, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಬರೆಯೋದು, ಕಣ್ಣಿನ ಕೆಲಸ, ಕೇಳಿ ಕಲಿಯೋಕಾಗಲ್ಲ ಎನ್ನುವವರೇ ಜಾಸ್ತಿ. ಆದರೆ ಅಂಧರು ಬಳಸುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ (ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಅನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಬರೆಯಲು ಶುರು ಮಾಡಿದ ಮೈಕೆಲ್ ಕರ್ರನ್ ಸ್ವತಃ ಅಂಧರು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥವಿದೆ; ಅದು ಎಷ್ಟಿದೆ ಎಂಬುದನ್ನೂ ಎನ್‌ವಿಡಿಎ ಬೀಪ್ ಸದ್ದಿನ ಸ್ವರ ಬದಲಿಸಿ ತಿಳಿಸಬಲ್ಲದು!

ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬಸ್ಸಿನೊಳಗೆ ಕೂತವರ ಕಿವಿ ಖಾಲಿಯೇ ಇರುತ್ತದೆ, ಅಲ್ವಾ? ಆಕಾಶವಾಣಿ ಕನ್ನಡದಲ್ಲಿ ವಾರಕ್ಕೊಂದು ಕೋಡಿಂಗ್ ಪಾಠ ಕೊಡಲಿ. ಸುಮ್ನೆ ಬ್ರಾಕೆಟ್ಟು, ಸೆಮಿಕೋಲನ್ನು ಅಂತ ಓದಿದರೆ ನಿದ್ದೆ ಬರುತ್ತದೆ. ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಲೂಪ್ ಯಾಕೆ ನಿಲ್ಲಲಿಲ್ಲ, ಆ ಬಗ್ (ಕೋಡಿನ ತಪ್ಪು) ಹೇಗೆ ಸಿಕ್ಕಿತು ಎಂದು ಇಬ್ಬರು ಮಾತಾಡಿಕೊಳ್ಳಲಿ. ಕೀಬೋರ್ಡ್ ಮುಂದೆ ಆಮೇಲೆ ಕೂರಲೇಬೇಕು, ಬಿಡಿ.

– ಒಬ್ಬ ಓದುಗ, ಬೆಂಗಳೂರು