ಮಗಳಿಗೊಂದು ಪತ್ರ: ಉಳಿದ ಕಂತು ಎಷ್ಟು?

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ಅಮ್ಮಾ, ಲೋನ್ ಸಿಗುತ್ತಂತೆ!" ಅಂದೆಯಲ್ಲ, ನಿನ್ನ ದನಿ ಕೇಳಿಯೇ ನನಗೆ ಕಣ್ಣು ತುಂಬಿತು. ನಿನ್ನದೇ ದುಡಿಮೆಯಲ್ಲಿ ನಿನ್ನದೇ ಮನೆ! ಆಮೇಲೆ ನೀನು ಮಾತಾಡಿದ್ದೆಲ್ಲ ಕಂತಿನ ಬಗ್ಗೆ. ಎಷ್ಟು ವರ್ಷಕ್ಕೆ ಅಂತ ಕೇಳಿದರೆ "ಇಪ್ಪತ್ತೋ ಮೂವತ್ತೋ, ನೋಡ್ಬೇಕು" ಅಂದೆ. ರಾತ್ರಿಯೆಲ್ಲ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಸಾಲದ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ನೀನಾಗ ಚಿಕ್ಕವಳು. 20 ವರ್ಷದ ಸಾಲ, 240 ಕಂತು, ಶೇಕಡ 9 ಬಡ್ಡಿ. ಆಗಾಗ ಬದಲಾಗುವ ಬಡ್ಡಿ ಅದು. ಮೂರು ವರ್ಷ ಒಂದು ತಿಂಗಳೂ ತಪ್ಪಿಸದೆ 36 ಕಂತು ಕಟ್ಟಿದೆವು. ಅಷ್ಟರಲ್ಲಿ ಬಡ್ಡಿ 10ಕ್ಕೆ ಏರಿತು. ಕಂತು ಮಾತ್ರ ಮೊದಲಿನಷ್ಟೇ ಇತ್ತು. ಸದ್ಯ, ನಮಗೇನೂ ಹೊರೆ ಬೀಳಲಿಲ್ಲ ಅಂದುಕೊಂಡೆವು.

ಒಂದು ಸಂಜೆ ಅಪ್ಪ ಸಾಲದ ಸ್ಟೇಟ್‌ಮೆಂಟ್ ಬಿಡಿಸಿ ಕೂತಿದ್ದರು. ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರ: ಉಳಿದ ಕಂತುಗಳು 245. ಅದರ ಮೇಲಿಟ್ಟ ಬೆರಳನ್ನು ಅವರು ಎತ್ತಲೇ ಇಲ್ಲ. ಸಾಲ ತೆಗೆದ ದಿನ ಇದ್ದದ್ದು 240. ಮೂರು ವರ್ಷ ಕಟ್ಟಿದ ಮೇಲೆ 245!

ವಿಚಾರಿಸಿದರೆ, ಸಾಲ ಕೊಟ್ಟವರು ಕಂತು ಏರಿಸುವ ಬದಲು ಅವಧಿಯನ್ನು ಎಳೆದಿದ್ದರು. ಕರಾರಿನಲ್ಲಿ ಹಾಗೆ ಬರೆದಿತ್ತಂತೆ. ನಮಗೆ ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ, ನಾವೂ ಓದಿರಲಿಲ್ಲ. ಅವಧಿ ಬೇಡ, ಕಂತನ್ನೇ ಏರಿಸಿ ಅಂತ ಬರೆದುಕೊಟ್ಟೆವು. ಕಂತು ನೂರಕ್ಕೆ ಆರೂವರೆಯಷ್ಟು ಜಾಸ್ತಿಯಾಯಿತು, ಅಷ್ಟೇ. ಉಳಿದ ಕಂತು 204ಕ್ಕೆ ಬಂತು. 41 ತಿಂಗಳು, ಪುಟ್ಟಿ!

ಹೀಗೇಕೆ ಆಗುತ್ತದೆ ಅಂದರೆ, ಮೊದಮೊದಲು ನಾವು ಕಟ್ಟುವುದು ಹೆಚ್ಚುಕಡಿಮೆ ಬಡ್ಡಿಯನ್ನೇ. ಶೇಕಡ 9ರಲ್ಲಿ 20 ವರ್ಷದ ಸಾಲವಾದರೆ, ಮೊದಲ ಕಂತಿನ ಪ್ರತಿ ನೂರರಲ್ಲಿ 83 ಬಡ್ಡಿಗೆ ಹೋಗುತ್ತದೆ. ಅಸಲಿಗೆ ಬರೀ 17. ಬಡ್ಡಿ ಏರದಿದ್ದರೂ ಅಸಲು ಅರ್ಧ ತೀರುವಷ್ಟರಲ್ಲಿ 14 ವರ್ಷ ಆಗಿರುತ್ತದೆ. ಅದೇ ಸಾಲವನ್ನು 30 ವರ್ಷಕ್ಕೆ ತೆಗೆದುಕೊಂಡರೆ ನೂರು ಇದ್ದ ಕಂತು ಸುಮಾರು 89 ಆಗುತ್ತದೆ. ಉಳಿಯುವುದು ಅಷ್ಟೇ. ಆದರೆ ಸಾಲ ನೂರು ಅಂದುಕೋ, 20 ವರ್ಷಕ್ಕೆ ಒಟ್ಟು ಕಟ್ಟುವುದು 216, 30 ವರ್ಷಕ್ಕಾದರೆ 290.

ಕೈ ಬಿಗಿಯಿದ್ದರೆ ದೊಡ್ಡ ಅವಧಿಯೇ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅವಧಿಗೆ ಮುಂಚೆ ಹಣ ಕಟ್ಟಿದರೆ ದಂಡ ಹಾಕುತ್ತಾರಾ ಅಂತ ಸಹಿಗೆ ಮೊದಲೇ ಕೇಳು. ಬಡ್ಡಿ ಏರಿದರೆ ಕಂತು ಏರುತ್ತದೋ ಅವಧಿ ಏರುತ್ತದೋ, ಅದನ್ನೂ ಕೇಳು. ಬಾಯಿಮಾತು ಸಾಲದು, ಕಾಗದದಲ್ಲಿ ತೋರಿಸಲಿ. ದಂಡ ಇಲ್ಲದಿದ್ದರೆ ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟು. 20 ವರ್ಷದ ಸಾಲ ಮೂರು ವರ್ಷಕ್ಕೂ ಜಾಸ್ತಿ ಮುಂಚೆಯೇ ತೀರುತ್ತದೆ.

ಇನ್ನೊಂದು. ಸಾಲ ಕೊಡುವವರು ಇಷ್ಟು ಕೊಡುತ್ತೇವೆ ಅಂದ ಮಾತ್ರಕ್ಕೆ ಅಷ್ಟನ್ನೂ ತೆಗೆದುಕೊಳ್ಳಬೇಕಿಲ್ಲ. ಮುಂದೆ ಬರುವ ಕಂತು ಈಗಿನ ಬಾಡಿಗೆಗಿಂತ ಎಷ್ಟು ಜಾಸ್ತಿಯೋ ಅಷ್ಟನ್ನು ಈ ತಿಂಗಳಿಂದಲೇ ಬೇರೆ ಖಾತೆಗೆ ಹಾಕಿ ನೋಡು. ನಾಲ್ಕೈದು ತಿಂಗಳಲ್ಲಿ ನಿನಗೇ ತಿಳಿಯುತ್ತದೆ. ಆ ಹಣ ಮುಂಗಡಕ್ಕೂ ಆಯಿತು. ಹಾಗಂತ ಕೂಡಿಟ್ಟದ್ದೆಲ್ಲ ಮುಂಗಡಕ್ಕೇ ಸುರಿಯಬೇಡ. ನೋಂದಣಿ, ಸಾಮಾನು ಸಾಗಣೆ ಅಂತ ಖರ್ಚು ಬಂದೇ ಬರುತ್ತದೆ. ಅದು ಕಳೆದು ಆರು ಕಂತಿನಷ್ಟಾದರೂ ಕೈಯಲ್ಲಿರಲಿ. ಅರ್ಜಿ ಪಾಸಾಗುವವರೆಗೆ ಕಾರು, ಫೋನು ಅಂತ ಬೇರೆ ಸಾಲಕ್ಕೂ ಕೈ ಹಾಕಬೇಡ ಕಂದ.

ಶನಿವಾರ ಬರುವಾಗ ಕರಾರಿನ ಪ್ರತಿ ತೆಗೆದುಕೊಂಡು ಬಾ. ಮೂವರೂ ಕೂತು ಓದೋಣ. ಅಪ್ಪ ಆ ಹಳೆಯ ಸ್ಟೇಟ್‌ಮೆಂಟ್ ಹುಡುಕಿ ಇಟ್ಟಿದ್ದಾರೆ. 245ರ ಕೆಳಗೆ ಅವರು ಎಳೆದ ಕೆಂಪು ಗೆರೆ ಇನ್ನೂ ಹಾಗೇ ಇದೆ.

ಪ್ರೀತಿಯಿಂದ,
ಅಮ್ಮ