ಸಲೂನ್ ಬಿಲ್ಲು, ಟಿಪ್ಸ್ ಬಗ್ಗೆ ಒಂದೆರಡು ಮಾತು

ಎಲ್ಲರಿಗೂ ನಮಸ್ಕಾರ. ಸಲೂನ್‌ನಲ್ಲಿ ದರಪಟ್ಟಿಗಿಂತ ಬಿಲ್ಲು ಯಾಕೆ ಜಾಸ್ತಿ ಬರುತ್ತೆ, ಅಂಥಾಗ ಟಿಪ್ಸ್ ಕೊಡಬೇಕಾ ಅಂತ ನಿನ್ನೆ ಗುಂಪಿನಲ್ಲಿ ನಡೆದ ಚರ್ಚೆ ನೋಡಿ ಇಷ್ಟು ಬರೀತಿದ್ದೀನಿ.

ದರಪಟ್ಟಿಯಲ್ಲಿ ಅಂಕಿಯ ಪಕ್ಕ ಸಣ್ಣಕ್ಷರದಲ್ಲಿ 'ರಿಂದ ಆರಂಭ' ಅಂತಿದ್ದರೆ ಅದು ಕನಿಷ್ಠ ದರ ಅಷ್ಟೇ. ಕೂದಲು ಉದ್ದವಾಗಿ, ದಟ್ಟವಾಗಿ ಇದ್ದರೆ ಬಣ್ಣವೂ ಹೆಚ್ಚು ಬೇಕು, ಹೊತ್ತೂ ಹೆಚ್ಚು ಹಿಡಿಯುತ್ತೆ. ಬಿಲ್ಲು ಏರೋದು ಅಲ್ಲೇ. ಹಳೇ ಬಣ್ಣ ತೆಗೆಯಬೇಕಾದರಂತೂ ಕೇಳೋದೇ ಬೇಡ. ಅದಕ್ಕೇ ಕುರ್ಚಿಯಲ್ಲಿ ಕೂರೋ ಮೊದಲೇ "ಎಲ್ಲಾ ಸೇರಿ ಎಷ್ಟಾಗುತ್ತೆ?" ಅಂತ ಕೇಳಿಬಿಡಿ. ತಲೆ ತೊಳೆಯುವಾಗ "ಒಂದು ಸ್ಪಾ ಮಾಡಿಬಿಡ್ಲಾ?" ಅಂದರೆ ಕಣ್ಣು ಮುಚ್ಕೊಂಡೇ ಹೂಂ ಅನ್ನೋರು ನಾವೇ ತಾನೆ! (ನಾನೂ ಅಂದಿದ್ದೀನಿ.)

ಹೇಳದೇ ಏನಾದರೂ ಸೇರಿಸಿದ್ದರೆ, ಹಣ ಕೊಡುವ ಮುನ್ನ ಕೌಂಟರ್‌ನಲ್ಲೇ ವಿವರ ಕೇಳಿ. ಆ ಸಿಟ್ಟನ್ನು ಕತ್ತರಿ ಹಿಡಿದವರ ಟಿಪ್ಸ್ ಮೇಲೆ ತೀರಿಸಬೇಡಿ. ದರ ನಿಗದಿ ಮಾಡೋದು ಎಷ್ಟೋ ಸಲ ಅವರಲ್ಲ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಈಗಾಗಲೇ ಇದೆಯಾ ನೋಡಿ. ಇಲ್ಲದಿದ್ದರೆ, ಟಿಪ್ಸ್ ಕೊಡಬೇಕು ಅನ್ನಿಸಿದರೆ, ನಗದಾಗಿ ಕತ್ತರಿ ಹಿಡಿದವರ ಕೈಗೇ ಕೊಡಿ. ತಲೆ ತೊಳೆದ ಸಹಾಯಕರನ್ನು ಮರೀಬೇಡಿ. ಡಿಸ್ಕೌಂಟ್ ಸಿಕ್ಕ ದಿನ ಮೂಲ ದರ ಲೆಕ್ಕ ಹಿಡಿದು ಕೊಟ್ಟರೆ ಚಂದ, ಅವರ ಕೆಲಸಕ್ಕೇನೂ ಡಿಸ್ಕೌಂಟ್ ಇರಲಿಲ್ಲವಲ್ಲ.